ಪಕ್ಕದವನಿಗೆ ದಿನಾ ಕಾಟ, ನಾನೇನು ಮಾಡಲಿ?

ಪ್ರಶ್ನೆ: ಮೇಡಂ, ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಹೋದ ವರ್ಷ ಮಂಡ್ಯ ಕಡೆಯ ಹುಡುಗನೊಬ್ಬ ಸೇರಿದ. ಕೆಲಸದಲ್ಲಿ ಚುರುಕು. ಆದರೆ ನಮ್ಮ ಮ್ಯಾನೇಜರ್ ದಿನಾ ಬೆಳಗಿನ ಮೀಟಿಂಗ್‌ನಲ್ಲಿ 'ಐತೆ, ಬತ್ತೀನಿ' ಅಂತ ಅವನ ಮಾತನ್ನು ಅಣಕಿಸುತ್ತಾರೆ, ಎಲ್ಲರೂ ನಗುತ್ತಾರೆ. ತಪ್ಪು ಯಾರದಾದರೂ ಬೈಗುಳ ಅವನಿಗೇ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪ್‌ನಲ್ಲಿ ಸ್ಟಾಕ್ ಲೆಕ್ಕ ಕೇಳಿ ಮರ್ಯಾದೆ ತೆಗೆಯುತ್ತಾರೆ. ಈಗ ಅವನು ಕ್ಯಾಂಟೀನಿಗೂ ಬರುವುದಿಲ್ಲ. ನಿಜ ಹೇಳಬೇಕೆಂದರೆ ನಾನೂ ಒಂದೆರಡು ಸಲ ನಕ್ಕಿದ್ದೇನೆ. ಸೈಟಿನ ಸಾಲ ಇದೆ, ಎದುರು ಮಾತಾಡಲು ಭಯ.
– ಹೆಸರು ಬೇಡ, ಮೈಸೂರು

ಉತ್ತರ: ನಕ್ಕಿದ್ದನ್ನು ನೀವೇ ಹೇಳಿಕೊಂಡಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಆ ಮನುಷ್ಯನಿಗೆ ಬೇಕಿರುವುದು ನಗುವ ಜನ. ನಾಳೆಯಿಂದ ನೀವು ನಗಬೇಡಿ, ಅಷ್ಟಕ್ಕೆ ಯಾರೂ ಮೆಮೊ ಕೊಡುವುದಿಲ್ಲ. ಮಧ್ಯಾಹ್ನ ಡಬ್ಬಿ ಹಿಡಿದು ಅವನ ಪಕ್ಕ ಹೋಗಿ ಕೂತುಕೊಳ್ಳಿ. 'ಸ್ವಲ್ಪ ಹೊಂದಿಕೊಂಡು ಹೋಗಪ್ಪ' ಅನ್ನಬೇಡಿ. ಅವನು ಹೊಂದಿಕೊಂಡೇ ಒಂದು ವರ್ಷ ಆಯ್ತಲ್ಲ! ಬದಲಿಗೆ 'ನಾನು ನೋಡುತ್ತಿದ್ದೇನೆ, ಅವರು ಮಾಡುತ್ತಿರುವುದು ಸರಿಯಲ್ಲ' ಅನ್ನಿ. ಒಂಟಿ ಬಿದ್ದವನಿಗೆ ತಪ್ಪು ತನ್ನದೇ ಇರಬೇಕು ಅನಿಸಿಬಿಟ್ಟಿರುತ್ತದೆ, ಅದಕ್ಕೇ ಈ ಮಾತು ಮುಖ್ಯ.

ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಳ್ಳಲು ಹೇಳಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಮಾತು, ಯಾರ್‍ಯಾರು ಇದ್ದರು, ಇಷ್ಟು ಅವತ್ತವತ್ತೇ ಬರೆದಿಡಲಿ. ಆಫೀಸಿನ ಕಂಪ್ಯೂಟರಿನಲ್ಲಿ ಬೇಡ, ಮನೆಯಲ್ಲಿರಲಿ. ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ ಕೂಡ. ನೀವು ಕಣ್ಣಾರೆ ಕಂಡಿದ್ದನ್ನು ನೀವೂ ಬರೆದಿಡಿ. 'ತುಂಬಾ ಕಾಟ ಕೊಡುತ್ತಾರೆ ಸಾರ್' ಅಂದರೆ ಎಚ್‌ಆರ್‌ನವರು ತಲೆಯಾಡಿಸಿ ಮರೆಯುತ್ತಾರೆ. ಹನ್ನೆರಡು ಬೇರೆ ಬೇರೆ ತಾರೀಖು ಇರುವ ಕಾಗದ ಕೈಗೆ ಬಂದರೆ ಹಾಗೆ ಮರೆಯುವುದು ಕಷ್ಟ. ದೂರು ಬರವಣಿಗೆಯಲ್ಲೇ ಹೋಗಲಿ, ಅದರ ಒಂದು ಪ್ರತಿ ಕೈಯಲ್ಲಿರಲಿ. 20 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು ಅನ್ನುತ್ತದೆ ಕಾನೂನು, ಅದರಲ್ಲಿ ಕೆಲಸಗಾರರ ಕಡೆಯವರೂ ಇರಬೇಕು. ನಿಮ್ಮಲ್ಲಿ ಇದೆಯಾ ಅಂತ ವಿಚಾರಿಸಿ. ಒಂಬತ್ತು ವರ್ಷದ ಹಳಬರು ಕೇಳುವುದಕ್ಕೂ ಹೊಸ ಹುಡುಗ ಕೇಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಇನ್ನು ಪೊಲೀಸು, ಕೋರ್ಟು. ಸುಮ್ನೆ ಆಸೆ ಹುಟ್ಟಿಸಲಾರೆ. ಆಫೀಸಿನಲ್ಲಿ ನಡೆಯುವ ಎಲ್ಲ ಬಗೆಯ ಕಿರುಕುಳಕ್ಕೂ ಅನ್ವಯಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. 2013ರ ಕಾಯ್ದೆ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಮಾತ್ರ. ಹುಡುಗ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದು, ಬೈಗುಳದಲ್ಲಿ ಜಾತಿ ಎತ್ತಿದ್ದರೆ ಮಾತು ಬೇರೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಏನೇ ಆಗಲಿ, ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡಬೇಡ ಅನ್ನಿ. 'ಇಲ್ಲಿ ಸಹಿ ಹಾಕು' ಅಂತ ಒತ್ತಾಯ ಮಾಡಿದರೆ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಲಿ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ವಕೀಲರ ನೆರವು ಉಚಿತ. ಫೋನಿನಲ್ಲಿ ಕೇಳುವುದಾದರೆ 15100.

ಕ್ಯಾಂಟೀನಿಗೂ ಬರುವುದಿಲ್ಲ ಅಂದಿರಿ, ನನಗೆ ಜಾಸ್ತಿ ಯೋಚನೆ ಅದೇ. ನಿದ್ದೆ ಬರುತ್ತಾ, ಬದುಕೇ ಬೇಡ ಅನಿಸಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಅಂಥ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ನೀವೇ ಪಕ್ಕದಲ್ಲಿ ಕೂತು ಫೋನ್ ಮಾಡಿಸಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಲ್ಲಿ 'ಐತೆ' ಅಂದರೂ ಯಾರೂ ನಗುವುದಿಲ್ಲ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಗದರದಿದ್ದರೆ ಟಾರ್ಗೆಟ್ ಆಗುವುದಿಲ್ಲ. ಅದೂ ಕಿರುಕುಳ ಅಂದರೆ ಹೇಗೆ?
– ಮದ್ದೂರಿನ ಓದುಗರು

ಉತ್ತರ: ಹೊಲಿಗೆ ತಪ್ಪಿದ್ದರೆ ಹೊಲಿಗೆಯ ಬಗ್ಗೆ ಹೇಳಿ, ಗಟ್ಟಿಯಾಗಿಯೇ ಹೇಳಿ, ಅದನ್ನು ಯಾರೂ ಕಿರುಕುಳ ಅನ್ನುವುದಿಲ್ಲ. ಆದರೆ ಹೊಲಿಗೆ ತಪ್ಪಿದ್ದಕ್ಕೆ ಅವಳ ಊರು, ಬಣ್ಣ, ಗಂಡ, ಅಪ್ಪ ಅಮ್ಮ ಬಾಯಿಗೆ ಬಂದರೆ, ಅದೂ ದಿನಾ ಒಬ್ಬಳ ಮೇಲೇ, ಲೈನಿನವರೆಲ್ಲ ಕೇಳುವ ಹಾಗೆ ಬಂದರೆ, ಟಾರ್ಗೆಟ್ ಅನ್ನುವುದು ಬರೀ ನೆಪ. ಮೇಲಿನ ಪತ್ರವನ್ನು ಇನ್ನೊಮ್ಮೆ ಓದಿ. ಅದನ್ನು ನಿಮ್ಮ ಲೈನಿನವರೇ ಬರೆದಿರಬಹುದಾ ಅಂತ ಯೋಚಿಸಿ.