ರಿಪೇರಿಯಾದ ಮೇಲೆ ಸ್ಟೀರಿಂಗ್ ನಡುಗುವುದೇಕೆ?

ಪ್ರಶ್ನೆ: ಮುಂದಿನ ಬ್ರೇಕ್ ಪ್ಯಾಡ್ ಮತ್ತು ಟೈರುಗಳನ್ನು ಬದಲಾಯಿಸಿದ ಮೇಲೆ, ಬೆಂಗಳೂರು ರಸ್ತೆಯಲ್ಲಿ 90 ಕಿ.ಮೀ. ವೇಗ ದಾಟಿದೊಡನೆ ಕಾರಿನ ಸ್ಟೀರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿದರೂ ನಿಂತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಚಕ್ರದ ನಟ್ಟುಗಳ ಬಿಗಿಯನ್ನು ಇಂದೇ ಪರೀಕ್ಷಿಸಿಕೊಳ್ಳಿ, ಅಲ್ಲಿಯವರೆಗೆ ದಯವಿಟ್ಟು ಹೆದ್ದಾರಿಗೆ ಇಳಿಯಬೇಡಿ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಸಾಮಾನ್ಯವಾಗಿ ಒಂದು ಬದಿಗೆ ಎಳೆಯುತ್ತದೆ. ನಿರ್ದಿಷ್ಟ ವೇಗದಲ್ಲಷ್ಟೇ ಕಾಣುವ ನಡುಕಕ್ಕೆ ಹೆಚ್ಚಾಗಿ ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮನಾಗಿರುವಂತೆ ಮಾಡುವುದು) ಸರಿಯಿಲ್ಲದಿರುವುದೇ ಕಾರಣ. ಆದರೆ ಚಕ್ರ ಬಿಚ್ಚಿ ಕೂರಿಸುವಾಗ, ಚಕ್ರವನ್ನು ಬಿಗಿಯುವ ನಡುಭಾಗವಾದ ಹಬ್‌ನ ಮುಖದಲ್ಲಿ ತುಕ್ಕೋ ಮಣ್ಣೋ ಉಳಿದು (ನಮ್ಮ ಕಡೆಯ ಮಳೆಗಾಲದಲ್ಲಿ ಇದನ್ನು ಮರೆಯುವಂತಿಲ್ಲ) ಚಕ್ರ ಸಮನಾಗಿ ಕೂರದಿದ್ದರೆ, ಯಂತ್ರದ ಮೇಲೆ ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕನ್ನೂ, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟನ್ನೂ ನೋಡಿಸಿ.