ಎಡಗೈ

ತಂಗಿ,

ಹಳೇ ದಾವಣಗೆರೆಯ ಹುಡುಗಿ, ನಾಲ್ಕು ವರ್ಷ ಮ್ಯಾಟ್ ಮೇಲೆ ಕುಸ್ತಿ ಕಲಿತವಳು, ಸೆಪ್ಟೆಂಬರಿನಲ್ಲಿ ಎಂಎಸ್‌ಸಿ ಓದಲು ಇಂಗ್ಲೆಂಡಿನ ಲೆಸ್ಟರ್‌ಗೆ ಬರುತ್ತಿದ್ದೇನೆ ಎಂದು ಬರೆದಿದ್ದೀಯ. ಓದಿನ ಜೊತೆಗೆ ಇಲ್ಲಿನ ವೃತ್ತಿಪರ ಕುಸ್ತಿಯ, ಅಂದರೆ ಟಿವಿಯಲ್ಲಿ ಬರುವ ಡಬ್ಲ್ಯುಡಬ್ಲ್ಯುಇ ಬಗೆಯ ಕುಸ್ತಿಯ, ಶಾಲೆ ಸೇರಿ ಶನಿವಾರ, ಭಾನುವಾರದ ಪ್ರದರ್ಶನಗಳಲ್ಲಿ ಖರ್ಚಿಗೆ ಹುಟ್ಟಿಸಿಕೊಳ್ಳಬಹುದೇ, ಚಳಿ ಹೇಗೆ, ಊಟ ಹೇಗೆ, ಮನೆಯಲ್ಲಿ ಇದನ್ನು ಹೇಗೆ ಹೇಳಲಿ ಎಂದು ಕೇಳಿದ್ದೀಯ.

ಚಳಿ ಮತ್ತು ಊಟವನ್ನು ಮೊದಲು ಮುಗಿಸಿಬಿಡುತ್ತೇನೆ. ಕೋಟನ್ನು ಇಲ್ಲಿಗೆ ಬಂದು ಕೊಳ್ಳು; ನಮ್ಮ ಊರಿನ ಸ್ವೆಟರ್ ಇಲ್ಲಿನ ಅಕ್ಟೋಬರಿಗೂ ಸಾಲದು. ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ಬೇಳೆ, ಅಕ್ಕಿ, ಕರಿಬೇವು ಎಲ್ಲವೂ ಸಿಗುತ್ತದೆ. ಮಂಡಕ್ಕಿಯೂ ಸಿಗುತ್ತದೆ, ಆದರೆ ಅದು ನಮ್ಮ ಮಂಡಕ್ಕಿಯಲ್ಲ. ಬೆಣ್ಣೆ ದೋಸೆಯ ಆಸೆ ಬಿಡು. ಇಲ್ಲಿ ಬೆಣ್ಣೆ ಚೆನ್ನಾಗಿಯೇ ಇರುತ್ತದೆ, ಹಿಟ್ಟು ಹುಳಿ ಬರುವುದಿಲ್ಲ.

ಇನ್ನು ಹಣದ ಮಾತು. ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು ಎಂದು ನಿನ್ನ ಏಜೆಂಟ್ ಹೇಳಿರುತ್ತಾನೆ. ಅದೇ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ, ವೃತ್ತಿಪರ ಕ್ರೀಡಾಪಟುವಾಗಿ ಆಡುವಂತಿಲ್ಲ, ರಂಜನೆಯ ಕಲಾವಿದೆಯಾಗಿ ದುಡಿಯುವಂತಿಲ್ಲ ಎಂಬುದನ್ನು ಹೇಳಿರುವುದಿಲ್ಲ. ನಮ್ಮ ಕಸುಬು ಈ ಮೂರು ಬಲೆಗಳಿಗೂ ಒಟ್ಟಿಗೇ ಬೀಳುತ್ತದೆ. ‘ದುಡ್ಡು ತೆಗೆದುಕೊಳ್ಳಲಿಲ್ಲ, ಸುಮ್ಮನೆ ಆಡಿದೆ’ ಎಂಬ ಸಬೂಬೂ ನಡೆಯುವುದಿಲ್ಲ. ಶುಲ್ಕ ಕೊಟ್ಟು ಕಲಿ. ಟಿಕೆಟ್ ಮಾರುವ ಪ್ರದರ್ಶನದಲ್ಲಿ ರಿಂಗ್ ಹತ್ತುವ ಮೊದಲು ವಿಶ್ವವಿದ್ಯಾಲಯದಲ್ಲಿ ವೀಸಾ ಸಲಹೆ ಕೊಡುವವರಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೋ. ನಾನು 2005ರ ನವೆಂಬರಿನಲ್ಲಿ ನರ್ಸ್ ಆಗಿ ಬಂದವಳು. ಐದು ವರ್ಷ ದುಡಿದು ಕಾಯಂ ವಾಸದ ಅನುಮತಿ ಕೈಗೆ ಬಂದ ಮೇಲೆಯೇ ಈ ಕಡೆ ತಲೆ ಹಾಕಿದೆ. ಅದು ಜಾಣತನವಲ್ಲ, ಹೆದರಿಕೆ. ಇಂಥ ಹೆದರಿಕೆ ಒಳ್ಳೆಯದು.

ಅನುಮತಿ ಸಿಕ್ಕಿತೆಂದೇ ಇಟ್ಟುಕೋ, ಆಗಲೂ ಇದರಿಂದ ಮನೆ ಬಾಡಿಗೆ ಹುಟ್ಟುವುದಿಲ್ಲ. ಸ್ವತಂತ್ರ ಕುಸ್ತಿ ಎಂದರೆ ತಲೆಯ ಮೇಲೆ ಯಾವ ದೊಡ್ಡ ಕಂಪನಿಯೂ ಇಲ್ಲ, ಸಂಬಳವೂ ಇಲ್ಲ. ಒಂದೊಂದು ಊರಿಗೆ ಒಬ್ಬೊಬ್ಬ ಆಯೋಜಕ, ಒಂದು ಬಾಡಿಗೆಯ ಸಭಾಂಗಣ, ನೂರೈವತ್ತು ಕುರ್ಚಿ. ಜಾತ್ರೆಗೆ ಬರುವ ನಾಟಕ ಕಂಪನಿಯ ಹಾಗೆ ಎಲ್ಲವನ್ನೂ ವ್ಯಾನಿನಲ್ಲಿ ಹೇರಿಕೊಂಡು ಹೋಗಬೇಕು. ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಫೋಮ್, ಅದರ ಮೇಲೆ ಕ್ಯಾನ್ವಾಸ್. ರಿಂಗ್ ಎಂದರೆ ಇಷ್ಟೇ, ಮತ್ತು ಅದನ್ನು ಹೊತ್ತು ಜೋಡಿಸುವುದು ಹೊಸಬರ ಪಾಲು. ಮೊದಲ ಏಳು ಪಂದ್ಯಗಳಿಗೆ ನನಗೆ ಸಿಕ್ಕಿದ್ದು ಸ್ಯಾಂಡ್‌ವಿಚ್ ಮತ್ತು ಯಾರದೋ ಕಾರಿನ ಹಿಂದಿನ ಸೀಟು. ಆಮೇಲೆ 20 ಪೌಂಡ್, ಒಳ್ಳೆಯ ರಾತ್ರಿಯಾದರೆ 40. ಮಧ್ಯಂತರದಲ್ಲಿ ಮೇಜು ಹಾಕಿಕೊಂಡು ನನ್ನದೇ ಫೋಟೊಗಳನ್ನು ಮಾರಿ ಗಳಿಸಿದ್ದು ಅದಕ್ಕಿಂತ ಹೆಚ್ಚು. ಅನ್ನ ಹಾಕಿದ್ದು ಆಸ್ಪತ್ರೆಯ ರಾತ್ರಿ ಪಾಳಿ.

ಈ ಗೀಳು ಹತ್ತಿದ್ದೂ ಆಸ್ಪತ್ರೆಯಲ್ಲಿಯೇ. ಒಂದು ರಾತ್ರಿ ಅಜ್ಜಿಯೊಬ್ಬರನ್ನು ಹಾಸಿಗೆಯಲ್ಲಿ ಎತ್ತಿ ಕೂರಿಸಿದಾಗ, ಇಷ್ಟು ಗಟ್ಟಿ ಕೈ ಎಲ್ಲಿಂದ ಬಂತು ಎಂದು ಕೇಳಿದರು. ನಮ್ಮಪ್ಪ ಪೈಲ್ವಾನ್ ಎಂದೆ. ಅಜ್ಜಿಯ ಕಣ್ಣು ಅರಳಿತು. ಅವರ ಕಾಲದಲ್ಲಿ ಶನಿವಾರ ಸಂಜೆ 4 ಗಂಟೆಗೆ ಇಲ್ಲಿನ ಐಟಿವಿ ಎಂಬ ಟಿವಿ ಚಾನೆಲ್‌ನಲ್ಲಿ ಕುಸ್ತಿ ಬರುತ್ತಿತ್ತಂತೆ. ಬಿಗ್ ಡ್ಯಾಡಿ, ಜಯಂಟ್ ಹೇಸ್ಟ್ಯಾಕ್ಸ್ ಎಂಬ ಗುಡ್ಡದಂಥ ಗಂಡಸರು 1981ರಲ್ಲಿ ವೆಂಬ್ಲಿಯಲ್ಲಿ ಎದುರುಬದುರಾದದ್ದನ್ನು ನಿನ್ನೆ ನಡೆದಂತೆ ಹೇಳಿದರು. ಊರಿನ ಸಭಾಂಗಣದಲ್ಲಿ ಒಮ್ಮೆ ಖಳ ಪೈಲ್ವಾನನೊಬ್ಬನಿಗೆ ತಮ್ಮ ಕೈಚೀಲದಿಂದ ಬಾರಿಸಿದ್ದರಂತೆ. ಹೆಂಗಸರು ಆಡುತ್ತಿರಲಿಲ್ಲವೇ ಎಂದೆ. ಆಡುತ್ತಿದ್ದರು, ಟಿವಿಯಲ್ಲಿ ಮಾತ್ರ ತೋರಿಸುತ್ತಿರಲಿಲ್ಲ ಎಂದರು. ಲಂಡನ್ ನಗರದಲ್ಲಂತೂ ಬಹುಕಾಲ ಹೆಂಗಸರ ಕುಸ್ತಿಗೆ ನಿಷೇಧವಿತ್ತು ಎಂದು ನಾನು ಆಮೇಲೆ ತಿಳಿದುಕೊಂಡೆ. ನ್ಯೂಯಾರ್ಕ್‌ನಲ್ಲಿಯೂ 1972ರವರೆಗೆ ಹಾಗೆಯೇ ಇತ್ತು. ನಮ್ಮ ಗರಡಿಯೊಂದೇ ಅಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು.

ನಮ್ಮಪ್ಪ ಹಗಲು ಹತ್ತಿಗಿರಣಿಯ ಕೆಲಸಗಾರ, ಬೆಳಗಿನ ಜಾವ ಗರಡಿಯ ಉಸ್ತಾದ್. ಹೆಣ್ಣುಮಕ್ಕಳು ಮಟ್ಟಿ ತುಳಿಯುವಂತಿರಲಿಲ್ಲ. ಹಿತ್ತಿಲಿನಲ್ಲಿ ಎರಡು ಗಾಡಿ ಮರಳು ಸುರಿಸಿ ನನಗೆ ಕಲಿಸಿದ. ಏನು ಕಲಿಸಿದ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಏನೇ ಆದರೂ ಬೆನ್ನು ನೆಲಕ್ಕೆ ತಾಗಬಾರದು.

ಇಲ್ಲಿ ಮೊದಲ ಮೂರು ತಿಂಗಳು ಬೆನ್ನನ್ನು ನೆಲಕ್ಕೆ ತಾಗಿಸುವುದನ್ನೇ ಕಲಿಸುತ್ತಾರೆ. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಉಸಿರನ್ನು ಹೊರಗೆ ಬಿಡಬೇಕು, ಎರಡೂ ತೋಳುಗಳನ್ನು ಅಂಗೈ ಸಮೇತ ನೆಲಕ್ಕೆ ಬಡಿಯಬೇಕು, ಬೆನ್ನಿನ ಮೇಲ್ಭಾಗ ಒಂದೇ ಏಟಿಗೆ ಚಪ್ಪಟೆಯಾಗಿ ಕೂರಬೇಕು. ಆಗ ಪೆಟ್ಟು ಹರಡಿಹೋಗುತ್ತದೆ, ತಲೆ ಉಳಿಯುತ್ತದೆ. ನಿನ್ನ ಮೈ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ನಾನು ಗಾಳಿಯಲ್ಲಿಯೇ ಬೆಕ್ಕಿನ ಹಾಗೆ ಹೊರಳಿ ಮೊಣಕೈ ಊರುತ್ತಿದ್ದೆ. ತೋಳು ಮುರಿದುಕೊಳ್ಳುತ್ತೀಯ ಎಂದು ಬೈಯಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹಗ್ಗಕ್ಕೆ ಓಡಿ ಬೆನ್ನು ಕೊಟ್ಟು ಮರಳುವುದನ್ನು ಕಲಿಯುವಾಗ ಕಂಕುಳ ಕೆಳಗೆ ಕಪ್ಪು ಬರೆ ಏಳುತ್ತದೆ. ಅದು ಎರಡು ತಿಂಗಳಿಗೆ ಅಭ್ಯಾಸವಾಗುತ್ತದೆ. ಇನ್ನೊಂದು ವಿಷಯ: ಇಲ್ಲಿ ಹಿಡಿತಗಳನ್ನೆಲ್ಲ ಎದುರಾಳಿಯ ಎಡಗೈಗೆ, ಎಡಗಾಲಿಗೆ ಹಾಕುವುದು ರೂಢಿ. ಮೊದಲ ಬಾರಿ ಭೇಟಿಯಾದ ಇಬ್ಬರೂ ಪೆಟ್ಟಾಗದಂತೆ ಆಡಲು ಹೀಗೊಂದು ಒಪ್ಪಂದ. ಮೆಕ್ಸಿಕೊದಲ್ಲಿ ಮಾತ್ರ ಬಲಗಡೆ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಗೆಲ್ಲುವವರು ಯಾರೆಂದು ಆಯೋಜಕ ಮೊದಲೇ ಹೇಳಿರುತ್ತಾನೆ. ಅದು ನಿನಗೆ ಗೊತ್ತೇ ಇದೆ.

ನನ್ನ ಮೊದಲ ಆಯೋಜಕ ನನ್ನನ್ನು ಮಹಾರಾಣಿ ಮಾಡಲು ಹೊರಟ. ಕೊರಳಿಗೊಂದು ರಬ್ಬರ್ ಹಾವು ಬೇರೆ. ಹಾವು ಬೇಡ, ಒನಕೆ ಕೊಡಿ ಎಂದೆ. ಹೀಗೆ ನಾನು ಓಬವ್ವನಾದೆ. ಕಚ್ಚೆ ಸೀರೆಯಂತೆ ಹೊಲಿಸಿದ ಉಡುಪು, ಪ್ಲಾಸ್ಟಿಕ್ ಕೊಳವೆಗೆ ಫೋಮ್ ಸುತ್ತಿದ ಒನಕೆ. ಒನಕೆಯಿಂದ ಹೊಡೆದರೆ ಪಂದ್ಯದಿಂದಲೇ ಹೊರಗೆ ಎಂಬ ನಿಯಮವಿದ್ದುದರಿಂದ ಪ್ರತಿ ಬಾರಿಯೂ ರೆಫರಿ ಬಂದು ಅದನ್ನು ಕಸಿದುಕೊಳ್ಳುತ್ತಿದ್ದ, ಜನ ಕೂಗುತ್ತಿದ್ದರು. ಹೈದರನ ಸೈನಿಕರಿಗೆ ಇಂಥ ರೆಫರಿ ಸಿಕ್ಕಿರಲಿಲ್ಲ. 2017ರಲ್ಲಿ ಹರಿಯಾಣದ ಕವಿತಾ ದೇವಿ ಸಲ್ವಾರ್ ಕಮೀಜ್ ತೊಟ್ಟು ಡಬ್ಲ್ಯುಡಬ್ಲ್ಯುಇ ರಿಂಗ್‌ಗೆ ಇಳಿದುದನ್ನು ನೋಡಿದಾಗ ಹೊಟ್ಟೆ ತುಂಬಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಏಕೆ ಹೇಳಲಿ.

2014ರ ಜುಲೈನಲ್ಲಿ ಅಪ್ಪ ಬಂದ. ನಾನು ಕುಸ್ತಿ ಆಡುತ್ತೇನೆ ಎಂದಷ್ಟೇ ಮನೆಗೆ ಹೇಳಿದ್ದೆ. ಹಳೆಯ ಕಲ್ಲಿದ್ದಲು ಊರೊಂದರ ಕಾರ್ಮಿಕರ ಕ್ಲಬ್ಬಿನಲ್ಲಿ ಪಂದ್ಯ. ಅಪ್ಪ ಪಂಚೆಯ ಮೇಲೆ ನನ್ನ ಗಂಡನ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಆ ಊರಿನ ಹುಡುಗಿ ಗೆಲ್ಲಬೇಕು ಎಂದು ಆಯೋಜಕ ಹೇಳಿದ್ದ. ನ್ಯಾಯವಾಗಿಯೇ ಇತ್ತು, ಅವಳ ಊರು ಅದು. ಹದಿಮೂರು ನಿಮಿಷ ಚೆನ್ನಾಗಿ ಆಡಿದೆವು. ಅವಳು ನನ್ನ ಎಡಗೈ ತಿರುಚಿ, ಎತ್ತಿ ಒಗೆದು, ಮೇಲೆ ಬಿದ್ದಳು. ರೆಫರಿ ಮೂರು ಎಣಿಸಿದ. ನಾನು ಅಂಗಾತ ಬಿದ್ದುಕೊಂಡೇ ಪಕ್ಕಕ್ಕೆ ನೋಡಿದೆ. ಅಪ್ಪ ಎದ್ದು ನಿಂತಿದ್ದ.

ಕಾರಿನಲ್ಲಿ ಒಂದು ಗಂಟೆ ಮಾತಿಲ್ಲ. ಆಮೇಲೆ ಕೇಳಿದ: “ಮಾತಾಡಿಕೊಂಡ ಕುಸ್ತಿಯೇನು?”

ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಜೋಡಿ ಮಾತಾಡಿಕೊಂಡಿದೆ ಎಂಬ ಗುಮಾನಿ ಬಂದರೆ ಜನ ಏನು ಮಾಡುತ್ತಾರೆ ಎಂಬುದನ್ನು ನೀನೂ ಕಂಡಿರುತ್ತೀಯ. ಅಪ್ಪನಿಗೆ ಒಮ್ಮೆ ಬೀಳಲು ಹಣ ಒಡ್ಡಿದ್ದರು. ಆ ವರ್ಷ ಅವನು ಜಾತ್ರೆಯಲ್ಲಿ ಆಡಲೇ ಇಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಎರಡು ವರ್ಷ ಕಾದ. ಇದೆಲ್ಲ ಆ ಕಾರಿನಲ್ಲಿ ನನ್ನ ಕಣ್ಣಮುಂದೆ ಬಂತು. “ಇಲ್ಲ ಅಪ್ಪ, ನಿಜವಾಗಿಯೇ ಸೋತೆ” ಎಂದೆ.

ಅವನ ಮೈ ಹಗುರಾಯಿತು. “ಹಾಗಾದರೆ ಸರಿ” ಎಂದ. “ಓಬವ್ವನ ಹೆಸರಿಟ್ಟುಕೊಂಡು ಚಿತ್ ಆಗಬಾರದಿತ್ತು. ಇರಲಿ, ಸೋಲು ಅವಮಾನವಲ್ಲ.” ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ಸೋಫಾ ಸರಿಸಿ, ಎಡಗೈ ಸಿಕ್ಕಿಬಿದ್ದಾಗ ಬಿಡಿಸಿಕೊಳ್ಳುವುದು ಹೇಗೆಂದು ಕಲಿಸತೊಡಗಿದ.

ಊರಿಗೆ ಮರಳಿದ ಮೇಲೂ ನಿಲ್ಲಿಸಲಿಲ್ಲ. ನನ್ನ ತಮ್ಮನ ಮೊಬೈಲಿನಲ್ಲಿ ನನ್ನ ಪಂದ್ಯಗಳನ್ನು ಹುಡುಕಿಸಿ ನೋಡುತ್ತಿದ್ದ. ಭಾನುವಾರ ಫೋನ್ ಬರುತ್ತಿತ್ತು. “ಎಲ್ಲರೂ ನಿನ್ನ ಎಡಗೈಯನ್ನೇ ಹಿಡಿಯುತ್ತಾರಲ್ಲ? ನಿನ್ನ ಎಡಗೈ ಸೋಲುತ್ತದೆ ಎಂಬುದು ಆ ದೇಶಕ್ಕೆಲ್ಲ ಗೊತ್ತಾಗಿಬಿಟ್ಟಿದೆ.” ಎಡಗೈಯಲ್ಲಿ ಗದೆ ತಿರುಗಿಸಲು ಹೇಳಿದ. ಇಲ್ಲಿ ಗದೆ ಎಲ್ಲಿಂದ ತರಲಿ? ಬಕೆಟ್ಟಿನಲ್ಲಿ ಸಿಮೆಂಟ್ ಕಲಸಿ ಸಲಿಕೆಯ ಹಿಡಿ ನೆಟ್ಟು ಒಂದು ಮಾಡಿಕೊಂಡೆ. ಇಂದು ಐವತ್ತು ಸುತ್ತು, ಮುಂದಿನ ವಾರ ಅರವತ್ತು. ನಾಲ್ಕು ವರ್ಷ ತಿರುಗಿಸಿದೆ. ಎಡಗೈ ಬಲಗೈಗಿಂತ ದಪ್ಪವಾಯಿತು. ಆದರೂ ಎಲ್ಲರೂ ಎಡಗೈಯನ್ನೇ ಹಿಡಿಯುತ್ತಿದ್ದರು, ಮತ್ತೆ ಏಕೆ ಹಿಡಿಯುತ್ತಾರೆ ಎಂಬುದು ಅವನಿಗೆ ಬಗೆಹರಿಯಲೇ ಇಲ್ಲ.

2018ರಲ್ಲಿ ಅಪ್ಪ ತೀರಿಕೊಂಡ. ಮಣ್ಣಿಗೆ ನಾನು ಮುಟ್ಟಲಿಲ್ಲ. ವಿಮಾನದಲ್ಲಿ ಕೂತಿದ್ದಾಗ ಒಂದು ಮಾತು ಹೊಳೆಯಿತು. ಅಪ್ಪನಿಗೆ ದೊಡ್ಡಾಟದ ಹುಚ್ಚು. ಕಂಬಳಿ ಹೊದ್ದು ಬೆಳಗಿನವರೆಗೂ ಕೂರುತ್ತಿದ್ದ. ದುರ್ಯೋಧನನ ವೇಷದವನು ತೊಡೆ ಮುರಿದು ಬೀಳುವಾಗ ಕಣ್ಣೊರೆಸಿಕೊಳ್ಳುತ್ತಿದ್ದನೇ ಹೊರತು, ದುಡ್ಡು ತಿಂದು ಬಿದ್ದ ಎನ್ನುತ್ತಿರಲಿಲ್ಲ. ನನ್ನದೂ ಅಂಥದ್ದೇ ಅಪ್ಪ, ದೊಡ್ಡಾಟವೂ ಹೌದು ಗರಡಿಯೂ ಹೌದು ಎಂದು ಆ ಕಾರಿನಲ್ಲಿಯೇ ಹೇಳಬಹುದಿತ್ತು. ಒಪ್ಪುತ್ತಿದ್ದನೋ ಬಿಡುತ್ತಿದ್ದನೋ. ಹನ್ನೊಂದನೆಯ ದಿನ ಗರಡಿಯ ಹಳೆಯ ಶಿಷ್ಯರೊಬ್ಬರು ಬಂದು, ನನ್ನ ಭುಜ ಮುಟ್ಟಿ ನೋಡಿ, “ಎಡಗೈ ಈಗ ಹೇಗಿದೆಯಮ್ಮ? ಉಸ್ತಾದರು ಯಾವಾಗಲೂ ಅದನ್ನೇ ಹೇಳುತ್ತಿದ್ದರು” ಎಂದರು. ಚೆನ್ನಾಗಿದೆ ಎಂದೆ. ಮರುವರ್ಷ ಆಡುವುದನ್ನು ಬಿಟ್ಟೆ.

ಮನೆಯಲ್ಲಿ ಹೇಗೆ ಹೇಳಲಿ ಎಂದು ಕೇಳಿದೆಯಲ್ಲ, ನನ್ನ ಬಳಿ ಇರುವುದು ಇಷ್ಟೇ. ವಿಮಾನ ಹತ್ತುವ ಮೊದಲೇ ಹೇಳು, ದೊಡ್ಡಾಟದ ಮಾತನ್ನು ಬೇಕಾದರೆ ನನ್ನಿಂದ ತೆಗೆದುಕೋ.

ಶಾಲೆಯ ವಿಷಯ ಮರೆತೆ. 2020ರ ಜೂನ್‌ನಲ್ಲಿ ಈ ದೇಶದ ಎಷ್ಟೋ ಕುಸ್ತಿಯ ಹೆಣ್ಣುಮಕ್ಕಳು ತಮಗಾದ ಕಿರುಕುಳ, ದೌರ್ಜನ್ಯಗಳನ್ನು ‘ಸ್ಪೀಕಿಂಗ್ ಔಟ್’ ಎಂಬ ಹೆಸರಿನಲ್ಲಿ ಬಾಯಿಬಿಟ್ಟು ಹೇಳಿದರು. 2021ರಲ್ಲಿ ಇಲ್ಲಿನ ಸರ್ವಪಕ್ಷ ಸಂಸದರ ಗುಂಪೊಂದು ಕುಸ್ತಿ ಶಾಲೆಗಳ ಸುರಕ್ಷತೆಯ ಬಗ್ಗೆ ವರದಿ ಕೊಟ್ಟಿತು. ನನಗೇನೂ ಆಶ್ಚರ್ಯವಾಗಲಿಲ್ಲ, ಅಷ್ಟು ಹೇಳಿದರೆ ನಿನಗೆ ಅರ್ಥವಾಗುತ್ತದೆ. ಶುಲ್ಕ ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡು. ಕಲಿಸುವವರಲ್ಲಿ ಹೆಂಗಸರಿದ್ದಾರೆಯೇ, ಬಟ್ಟೆ ಬದಲಿಸಲು ಬೇರೆ ಕೋಣೆ ಇದೆಯೇ, ತಲೆಗೆ ಪೆಟ್ಟಾದ ಹುಡುಗಿಯನ್ನು ಕೂರಿಸುತ್ತಾರೋ ಮತ್ತೆ ರಿಂಗ್‌ಗೆ ಹತ್ತಿಸುತ್ತಾರೋ ನೋಡು. ಹತ್ತಿಸಿದರೆ ಚಪ್ಪಲಿ ಮೆಟ್ಟಿಕೊಂಡು ಬಂದುಬಿಡು. ವೀಸಾದ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತೀಯ, ಪೆಟ್ಟಾದರೆ ಸಂಕೋಚಪಡದೆ ಆಸ್ಪತ್ರೆಗೆ ಹೋಗು.

ಶನಿವಾರ ರಾತ್ರಿ ನನಗೆ ಪಾಳಿ ಇರುತ್ತದೆ, ಭಾನುವಾರ ಹನ್ನೊಂದರ ಮೇಲೆ ಮನೆಗೆ ಬಾ. ಗದೆ ತರಬೇಡ, ಗ್ಯಾರೇಜಿನಲ್ಲಿ ಸಿಮೆಂಟಿನದು ಬಿದ್ದಿದೆ. ಪೆಟ್ಟಿಗೆಯಲ್ಲಿ ಜಾಗವಿದ್ದರೆ ಮಂಡಕ್ಕಿ ತಾ. ಪುಡಿಯಾದರೂ ಪರವಾಗಿಲ್ಲ.