ಪಾಸ್ ಔಟ್ ಆದೆ ಅಂದ್ರೆ ಏನಾದೆ?

ಪ್ರಶ್ನೆ: ಮೇಡಂ, ಅಮೆರಿಕದ ಕಂಪನಿಯೊಂದರ ಇಂಟರ್‌ವ್ಯೂನಲ್ಲಿ ನನ್ನ ತಂಗಿ ‘2021ರಲ್ಲಿ ಮಂಡ್ಯದ ಕಾಲೇಜಿನಿಂದ ಪಾಸ್ ಔಟ್ ಆದೆ’ ಎಂದಳಂತೆ. ಅವರು ಮುಸಿಮುಸಿ ನಕ್ಕರಂತೆ. ಯಾಕೆ?
– ಓದುಗರು, ಮದ್ದೂರು

ಉತ್ತರ: ತಂಗಿಯದು ತಪ್ಪೇನಿಲ್ಲ, ಕೇಳಿಸಿಕೊಂಡವರು ಅಮೆರಿಕದವರು ಅಷ್ಟೇ. ಅಲ್ಲಿ ಪಾಸ್ ಔಟ್ ಅಂದ್ರೆ ಮೊದಲು ಹೊಳೆಯುವುದೇ ತಲೆ ಸುತ್ತಿ ಬೀಳುವುದು, ಇಲ್ಲಾ ಕುಡಿದು ಎಚ್ಚರ ತಪ್ಪುವುದು. ಹುಡುಗಿ ಕಾಲೇಜಿನಲ್ಲೇ ಮೂರ್ಛೆ ಹೋದಳು ಅಂದುಕೊಂಡಿರಬೇಕು, ಪಾಪ!

ಹಾಗಂತ ನಮ್ಮ ಅರ್ಥ ಸುಮ್ನೆ ಹುಟ್ಟಿಸಿದ್ದಲ್ಲ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಸೇನೆ, ಪೊಲೀಸ್ ತರಬೇತಿ ಮುಗಿಸಿ ಹೊರಬರುವುದಕ್ಕೆ ಈಗಲೂ ಇದೇ ಮಾತು. ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ಹೊಸ ಎಸ್‌ಐಗಳು ಬೂಟು ಮಿಂಚಿಸಿಕೊಂಡು, ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕುತ್ತಾ ಗೌರವ ವಂದನೆ ಸಲ್ಲಿಸುವ ಪಾಸಿಂಗ್ ಔಟ್ ಪರೇಡಿನ ಫೋಟೊ ಪೇಪರಿನಲ್ಲಿ ನೋಡಿರುತ್ತೀರಿ, ಅಲ್ವಾ? ಕಾಲೇಜು ಮುಗಿಸಿದ್ದಕ್ಕೂ ಹಾಗೇ ಹೇಳುವುದು ನಮ್ಮಲ್ಲೇ ಜಾಸ್ತಿ.

ಪರೀಕ್ಷೆ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಹಂಚುವುದೂ ಪಾಸ್ ಔಟ್ ಮಾಡುವುದೇ. ಪಾಸ್ ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂದದ್ದು, ಅದರ ಹಿಂದಿರುವ ಲ್ಯಾಟಿನ್ ಪದಕ್ಕೆ ‘ಹೆಜ್ಜೆ’ ಅಂತಲೇ ಅರ್ಥ.

ತಂಗಿಗೆ ಹೇಳಿ, ಅಮೆರಿಕದವರ ಮುಂದೆ ‘ಗ್ರಾಜುಯೇಟ್ ಆದೆ’ ಅನ್ನಲಿ. ಮಂಡ್ಯದಲ್ಲಿ ಧಾರಾಳವಾಗಿ ಪಾಸ್ ಔಟ್ ಆಗಲಿ, ಯಾರೂ ನೀರು ಚಿಮುಕಿಸಲು ಓಡಿಬರುವುದಿಲ್ಲ.